ಡೆಂಗಿ: ಜ್ವರ ಇಳಿದ ಮೇಲೆ ನೋಡಬೇಕಾದದ್ದು

2024ರ ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಅಂತ ಘೋಷಿಸಿತು. ಮನೆ ಸುತ್ತ ನೀರು ನಿಲ್ಲಲು ಬಿಟ್ಟವರಿಗೆ ದಂಡವನ್ನೂ ಇಟ್ಟಿತು. ಹಾಗಾಗಿ ಸೊಳ್ಳೆ, ಡ್ರಮ್ಮು, ಟೈರಿನ ಪಾಠ ಎಲ್ಲರಿಗೂ ಬಾಯಿಪಾಠ. ನರ್ಸಿಂಗ್ ಓದುವ ನಾವು ತಡವರಿಸುವುದು ಬೇರೆ ಕಡೆ: ರೋಗಿಯನ್ನು ಯಾವಾಗ ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು?

ಶುರು ಹೇಗೆ ಅಂತ ಬೇಗ ನೋಡಿಬಿಡೋಣ. ಸೊಳ್ಳೆ ಕಚ್ಚಿದ 4ರಿಂದ 10 ದಿನಕ್ಕೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಕಣ್ಣುಗುಡ್ಡೆಯ ಹಿಂದೆ ನೋವು, ಮೈಕೈ ನೋವು, ವಾಕರಿಕೆ. ಮಳೆಗಾಲದಲ್ಲಿ ಎರಡು ದಿನವಾದರೂ ಜ್ವರ ಬಿಡದಿದ್ದರೆ ವೈದ್ಯರಿಗೆ ತೋರಿಸಬೇಕು. ಮೊದಲ 5 ದಿನ ಎನ್‌ಎಸ್‌1 ಪರೀಕ್ಷೆ (ರಕ್ತದಲ್ಲಿ ವೈರಸ್ಸಿನ ಪ್ರೋಟೀನ್ ಹುಡುಕುವುದು), ಆಮೇಲೆ ಐಜಿಎಂ (ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ಹುಡುಕುವುದು). ಎನ್‌ಎಸ್‌1 ನೆಗೆಟಿವ್ ಬಂದ ಮಾತ್ರಕ್ಕೆ ಡೆಂಗಿ ಇಲ್ಲ ಅಂತಲ್ಲ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ. ಮೈಕೈ ನೋವು ಅಂತ ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ತಂದು ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಇನ್ನು ಮುಖ್ಯ ಭಾಗ. 3ರಿಂದ 7ನೇ ದಿನದೊಳಗೆ ಜ್ವರ ಇಳಿಯುತ್ತದೆ. ಮನೆಯವರು ಉಸ್ಸಪ್ಪಾ ಅಂತ ಕೂರುತ್ತಾರೆ. ಕೆಲವರಿಗೆ ಅಪಾಯ ಶುರುವಾಗುವುದೇ ಆಗ. ಸಣ್ಣ ರಕ್ತನಾಳಗಳಿಂದ ಪ್ಲಾಸ್ಮಾ, ಅಂದರೆ ರಕ್ತದ ನೀರಿನ ಭಾಗ, ಹೊರಗೆ ಸೋರುತ್ತದೆ. ಒಲೆ ಮೇಲಿಟ್ಟ ಸಾರು ಬತ್ತಿದ ಹಾಗೆ ಒಳಗಿನ ರಕ್ತ ಗಟ್ಟಿಯಾಗುತ್ತದೆ, ಅದಕ್ಕೇ ಪಿಸಿವಿ (ರಕ್ತದಲ್ಲಿ ಕೆಂಪುಕಣಗಳ ಶೇಕಡಾ ಪಾಲು) ಏರುವುದು. 40 ಇದ್ದದ್ದು 48 ಆದರೆ ಶೇ 20 ಏರಿಕೆ. ಈ ಸೋರಿಕೆ ಸಾಮಾನ್ಯವಾಗಿ 24ರಿಂದ 48 ಗಂಟೆ ಇರುತ್ತದೆ.

ಬಿಪಿ ನೋಡುವಾಗ ಮೋಸ ಹೋಗುವುದು ಇಲ್ಲೇ. 100/80 ಬಂದರೆ ಮೇಲಿನ ಅಂಕಿ ನೋಡಿ ‘ಪರವಾಗಿಲ್ಲ’ ಅನ್ನಿಸುತ್ತೆ ಅಲ್ವಾ? ಎರಡರ ನಡುವಿನ ಅಂತರ ಲೆಕ್ಕ ಹಾಕಿ. 20 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಅಂಗಗಳಿಗೆ ಸಾಕಷ್ಟು ರಕ್ತ ಸಿಗದ ಸ್ಥಿತಿ, ಅಂದರೆ ಶಾಕ್‌ನ ಗುರುತು. ಕೈ ಮುಟ್ಟಿ ನೋಡಿ, ತಣ್ಣಗಿರುತ್ತದೆ. ಉಗುರು ಒತ್ತಿ ಬಿಟ್ಟರೆ ಬಣ್ಣ ಮರಳಲು 2 ಸೆಕೆಂಡಿಗಿಂತ ಜಾಸ್ತಿ ಹಿಡಿಯುತ್ತದೆ. ರೋಗಿ ಮಾತ್ರ ಎಚ್ಚರವಾಗೇ ಇದ್ದು ಮಾತಾಡುತ್ತಿರಬಹುದು!

ಮನೆಯವರ ಹತ್ತಿರ ಬಿಪಿ ಮಿಷನ್ ಇರಲ್ಲ. ಅವರಿಗೆ ಹೀಗೆ ಹೇಳಿ: ಬಿಡದೆ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ಮೂಗು ಅಥವಾ ವಸಡಿನಲ್ಲಿ ರಕ್ತ, ಕಪ್ಪು ಮಲ, ಉಸಿರಾಟಕ್ಕೆ ಕಷ್ಟ, ತೀರಾ ಮಂಕು ಅಥವಾ ಚಡಪಡಿಕೆ, 6 ಗಂಟೆಯಾದರೂ ಮೂತ್ರ ಬಾರದಿರುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯುವಂತಿಲ್ಲ, 108ಕ್ಕೆ ಫೋನ್ ಮಾಡಬೇಕು. ಗರ್ಭಿಣಿ, ಹಸುಗೂಸು, ವಯಸ್ಸಾದವರು, ಸಕ್ಕರೆ ಕಾಯಿಲೆಯವರಾದರೆ ಜ್ವರ ಬಂದಾಗಲೇ ತೋರಿಸುವುದು ಒಳ್ಳೆಯದು.

ನೋಡಲು ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ, ‘ಪ್ಲೇಟ್‌ಲೆಟ್ ಎಷ್ಟು?’ ಜೊತೆಗೆ ಪಪ್ಪಾಯ ಎಲೆ ರಸ, ಕಿವಿ ಹಣ್ಣು. ರಕ್ತ ಹೆಪ್ಪುಗಟ್ಟಲು ನೆರವಾಗುವ ಈ ಕಣಗಳ ಒಂದು ಸಂಖ್ಯೆಯನ್ನೇ ಸುಮ್ನೆ ಹಿಡಿದು ಕೂತರೆ ಸೋರಿಕೆ ಗಮನಕ್ಕೇ ಬರಲ್ಲ. ನನ್ನ ಪ್ರಕಾರ ಪಿಸಿವಿ, ಬಿಪಿ ಅಂತರ, ಮೂತ್ರ ಈ ಮೂರನ್ನೂ ಪ್ಲೇಟ್‌ಲೆಟ್ ಪಕ್ಕದಲ್ಲೇ ಬರೆದಿಡಬೇಕು.

ಸೋರಿಕೆ ನಿಂತ ಮೇಲೆ ಹೊರಗೆ ಹೋದ ದ್ರವ ತಾನಾಗಿ ರಕ್ತಕ್ಕೆ ಮರಳುತ್ತದೆ. ಆಗಲೂ ಡ್ರಿಪ್ ಜೋರಾಗಿ ಓಡುತ್ತಿದ್ದರೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಹಸಿವು ಮರಳಿ, ಮೂತ್ರ ಚೆನ್ನಾಗಿ ಹೋಗುತ್ತಿದ್ದರೆ ವೈದ್ಯರಿಗೆ ತಿಳಿಸಿ, ಡ್ರಿಪ್ ನಿಲ್ಲಿಸಬೇಕಾ ಅಂತ ಕೇಳಿ.