ಎಚಿಂಗ್‌ಗೆ ಬೇರೆ ‘ಒರಿಜಿನಲ್’ ಇರುವುದಿಲ್ಲ

ಅಮ್ಮನದೋ ಅಪ್ಪನದೋ ಮುಖವನ್ನು ಎಚಿಂಗ್‌ನಲ್ಲಿ (ಲೋಹದ ತಗಡನ್ನು ಆ್ಯಸಿಡ್‌ನಿಂದ ಕೊರೆದು ಕಾಗದದ ಮೇಲೆ ಅಚ್ಚು ತೆಗೆಯುವ ಕಲೆ) ಮಾಡಿಕೊಡಿ ಅಂತ ಬರುವವರು ನನಗೆ ತುಂಬಾ ಇಷ್ಟ. ಆದರೆ ಕೆಲಸ ಮುಗಿಸಿ ಕೈಗೆ ಕೊಟ್ಟ ಕೂಡಲೇ ಹೆಚ್ಚಿನವರು ಕೇಳುವುದು ಒಂದೇ: “ಇದು ಪ್ರಿಂಟ್ ಅಲ್ವಾ, ಒರಿಜಿನಲ್ ಎಲ್ಲಿದೆ?” ಇದೇ ಒರಿಜಿನಲ್, ಸ್ವಾಮಿ.

ಪ್ಯಾರಿಸ್ಸಿನಲ್ಲಿದ್ದ ಅಮೆರಿಕದ ಕಲಾವಿದೆ ಮೇರಿ ಕಸಾಟ್ ಸುಮಾರು 1882ರಲ್ಲಿ ಮಾಡಿದ ‘ದೀಪದ ಕೆಳಗೆ’ ಎಂಬ ಎಚಿಂಗ್ ನೋಡಿ. ಒಂದು ದೀಪ, ಇಬ್ಬರು ಹೆಂಗಸರು, ಸುತ್ತ ಕತ್ತಲೆ. ಅವರು ಮೇರಿಯ ತಾಯಿ ಕ್ಯಾಥರೀನ್ ಮತ್ತು ಅಕ್ಕ ಲಿಡಿಯಾ ಅಂತ ಸಾಮಾನ್ಯವಾಗಿ ಗುರುತಿಸುತ್ತಾರೆ. ತಂದೆ, ತಾಯಿ, ಅಕ್ಕ ಮೂವರೂ 1877ರಲ್ಲಿ ಅಮೆರಿಕದಿಂದ ಪ್ಯಾರಿಸ್ಸಿಗೆ ಬಂದು ಮೇರಿಯ ಜೊತೆ ನೆಲೆಸಿದ್ದರು.

ಇದು ಸಾಫ್ಟ್ ಗ್ರೌಂಡ್ ಕೆಲಸ. ಲೋಹದ ತಗಡಿಗೆ ಕೊಬ್ಬು ಬೆರೆಸಿದ ಮೆತ್ತನೆಯ ಮೇಣ ಹಚ್ಚುತ್ತಾರೆ. ಮೇಲೆ ಕಾಗದ ಹಾಸಿ ಪೆನ್ಸಿಲ್‌ನಲ್ಲಿ ಬರೆಯುತ್ತಾರೆ. ಒತ್ತಿದ ಕಡೆ ಮೇಣ ಕಾಗದದ ಬೆನ್ನಿಗೆ ಅಂಟಿ ಎದ್ದು ಬರುತ್ತದೆ. ಜೋರಾಗಿ ಒತ್ತಿದರೆ ಜಾಸ್ತಿ, ಮೆಲ್ಲಗೆ ಒತ್ತಿದರೆ ಕಡಿಮೆ. ಮೇಣ ಹೋದ ಜಾಗವನ್ನು ಆ್ಯಸಿಡ್ ತಿನ್ನುತ್ತದೆ, ಆ ಗುಳಿಯಲ್ಲಿ ಶಾಯಿ ನಿಲ್ಲುತ್ತದೆ. ಕತ್ತಲೆಗೆ ಅಕ್ವಾಟಿಂಟ್: ರಾಳದ ಪುಡಿ ಉದುರಿಸಿ, ಬಿಸಿ ಮಾಡಿ ಅಂಟಿಸಿ, ಮತ್ತೆ ಆ್ಯಸಿಡ್‌ಗೆ ಇಳಿಸುವುದು. ಹಾಗಾದರೆ ಒರಿಜಿನಲ್ ಯಾವುದು? ಪೆನ್ಸಿಲ್ ಕಾಗದವೇ? ಅದರಲ್ಲಿ ಈ ಕತ್ತಲೆ ಇಲ್ಲ, ಹಾಗಾಗಿ ಬೆಳಕೂ ಇಲ್ಲ. ತಗಡೇ? ಅದರಲ್ಲಿ ಚಿತ್ರ ಎಡಬಲ ತಿರುಗಿರುತ್ತದೆ, ಬರೀ ಗುಳಿಗಳು. ಪ್ರೆಸ್ಸಿನ ಅಡಿಯಲ್ಲಿ ಒದ್ದೆ ಕಾಗದ ಶಾಯಿ ಹೀರಿದಾಗಲೇ ಚಿತ್ರ ಹುಟ್ಟುವುದು. ತಗಡಿನ ಶಾಯಿ ಒರೆಸುವಾಗ ಕೈ ಸ್ವಲ್ಪ ಬದಲಾದರೂ ದೀಪದ ಬೆಳಕು ಬದಲಾಗುತ್ತದೆ. ಒಂದು ಪ್ರತಿ ಇನ್ನೊಂದರ ನಕಲಲ್ಲ.

ಹಾಗಂತ ಪ್ರಿಂಟ್ ಅಂದದ್ದೆಲ್ಲ ಒರಿಜಿನಲ್ ಅಲ್ಲ. ಪೇಂಟಿಂಗಿನ ಫೋಟೋ ತೆಗೆದು ಮುದ್ರಿಸಿದ್ದು ನಕಲೇ. ಕಲಾವಿದರು ತೀರಿಕೊಂಡ ಮೇಲೆ ಹಳೆಯ ತಗಡಿನಿಂದ ತೆಗೆದ ಪ್ರತಿಗಳೂ ಸಿಗುತ್ತವೆ. ದುಡ್ಡು ಕೊಡುವ ಮೊದಲು ಬಲ್ಲವರಿಗೆ ತೋರಿಸಿ.

ಕ್ಯಾಥರೀನ್ ಅವರಿಗೆ ಈ ಎಚಿಂಗ್ ಕೆಲಸದ ಮೇಲೆ ಒಮ್ಮೆ ಸಿಟ್ಟೂ ಬಂದಿತ್ತು. ಫ್ರೆಂಚ್ ಕಲಾವಿದ ಡೆಗಾ 1879ರಲ್ಲಿ ಮೇರಿ, ಚಿತ್ರಕಾರ ಪಿಸಾರೊ ಮೊದಲಾದವರನ್ನು ಸೇರಿಸಿಕೊಂಡು ‘ಹಗಲು ಮತ್ತು ರಾತ್ರಿ’ ಎಂಬ ಎಚಿಂಗ್ ಪತ್ರಿಕೆ ತರಲು ಹೊರಟಿದ್ದರು. ಅದು ಹೊರಬರಲೇ ಇಲ್ಲ. ಇದರಿಂದ ಮೇರಿಗೆ ಪೇಂಟಿಂಗ್ ಮಾಡಲು ಹೊತ್ತೇ ಸಿಗಲಿಲ್ಲ, ಡೆಗಾ ಮಾತ್ರ ಎಂದಿನಂತೆ ಸಮಯಕ್ಕೆ ತಯಾರಿರಲಿಲ್ಲ ಅಂತ 1880ರಲ್ಲಿ ತಾಯಿ ತಮ್ಮ ಮಗನಿಗೆ ಪತ್ರ ಬರೆದು ದೂರಿದರು. ಮಗಳು ಎಚಿಂಗ್ ಬಿಡಲಿಲ್ಲ. ತಾಯಿಯನ್ನೇ ದೀಪದ ಮುಂದೆ ಕೂರಿಸಿದರು.