ಸರ್ವರ್‌ನಲ್ಲಿ ತೆರೆಯುವ ಡೇಟಾಬೇಸ್ ಮನೆಯ ಲ್ಯಾಪ್‌ಟಾಪಿನಿಂದ ಏಕೆ ತೆರೆಯುವುದಿಲ್ಲ?

ಓದುಗರ ಪ್ರಶ್ನೆ: ಮುಂಬೈಯ ಡೇಟಾ ಸೆಂಟರ್ ಒಂದರಲ್ಲಿ ಬಾಡಿಗೆಗೆ ಪಡೆದ ಉಬುಂಟು ಸರ್ವರ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ತಂತ್ರಾಂಶ ಹಾಕಿದ್ದೇನೆ. ಸರ್ವರ್‌ಗೆ ಲಾಗಿನ್ ಆಗಿ ನೋಡಿದರೆ ಎಲ್ಲವೂ ಸರಿಯಾಗಿದೆ. ಶಿವಮೊಗ್ಗದ ಮನೆಯಿಂದ, ಡೇಟಾಬೇಸ್ ನಿರ್ವಹಿಸುವ ಪಿಜಿಅಡ್ಮಿನ್ ತಂತ್ರಾಂಶದ ಮೂಲಕ ಪ್ರಯತ್ನಿಸಿದರೆ ಸಂಪರ್ಕವೇ ಸಿಗುವುದಿಲ್ಲ. ಹೋಸ್ಟ್, ಪೋರ್ಟ್, ಬಳಕೆದಾರನ ಹೆಸರು, ಪಾಸ್‌ವರ್ಡ್ ನಾಲ್ಕನ್ನೂ ಸರಿಯಾಗಿ ತುಂಬಿದ್ದೇನೆ. ಇನ್ನೇನು ಬಾಕಿ?

ಉತ್ತರ: ನೀವು ತುಂಬಿದ ನಾಲ್ಕು ಖಾನೆಗಳ ವಿವರ ಕೊಟ್ಟಿದ್ದೀರಿ, ಪಿಜಿಅಡ್ಮಿನ್ ನಿಮಗೆ ಏನೆಂದು ಉತ್ತರಿಸಿತು ಎಂಬುದನ್ನು ಬರೆದಿಲ್ಲ. ನನಗೆ ಮೊದಲು ಬೇಕಾಗಿದ್ದದ್ದು ಆ ಸಂದೇಶವೇ. ದೂರದ ಡೇಟಾಬೇಸ್‌ಗೆ ಹೋಗುವ ದಾರಿಯಲ್ಲಿ ಹಲವು ಬಾಗಿಲುಗಳಿವೆ. ಯಾವ ಬಾಗಿಲಲ್ಲಿ ನಿಮ್ಮನ್ನು ತಡೆದರು ಎಂಬುದನ್ನು ದೋಷ ಸಂದೇಶ ಬಹುತೇಕ ಸ್ಪಷ್ಟವಾಗಿಯೇ ಹೇಳುತ್ತದೆ. ಅದನ್ನು ಓದದೆ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ಬದಲಿಸುತ್ತ ಹೋದವರು ಕೊನೆಗೆ ಡೇಟಾಬೇಸನ್ನು ಇಡೀ ಜಗತ್ತಿಗೆ ತೆರೆದಿಟ್ಟು ಕೈತೊಳೆದುಕೊಳ್ಳುವುದನ್ನು ಬಹಳ ಸಲ ಕಂಡಿದ್ದೇನೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕೋಣ. ಸರ್ವರ್‌ನೊಳಗೆ ತೆರೆಯುತ್ತದೆ ಎಂಬುದರಿಂದ ಹೊರಗಿನ ಸಂಪರ್ಕದ ಬಗ್ಗೆ ಏನೂ ಸಾಬೀತಾಗುವುದಿಲ್ಲ. ಉಬುಂಟುವಿನಲ್ಲಿ ಹೋಸ್ಟ್ ಹೆಸರು ಕೊಡದೆ ಪಿಎಸ್‌ಕ್ಯೂಎಲ್ (ಪೋಸ್ಟ್‌ಗ್ರೆಸ್‌ನ ಕಮಾಂಡ್ ಉಪಕರಣ) ಓಡಿಸಿದರೆ ಅದು ನೆಟ್‌ವರ್ಕನ್ನು ಮುಟ್ಟುವುದೇ ಇಲ್ಲ. ಯಂತ್ರದೊಳಗಿನ ಯೂನಿಕ್ಸ್ ಸಾಕೆಟ್ ಮೂಲಕ ಹೋಗುತ್ತದೆ. ಅಲ್ಲಿ ‘ಪೀರ್’ ಎಂಬ ಪರಿಶೀಲನೆ ನಡೆಯುತ್ತದೆ: ನೀವು ಲಿನಕ್ಸ್‌ಗೆ (ಉಬುಂಟು ಅದರದೇ ಒಂದು ರೂಪ) ಯಾವ ಹೆಸರಿನಲ್ಲಿ ಲಾಗಿನ್ ಆಗಿದ್ದೀರೋ ಅದೇ ಹೆಸರು ಡೇಟಾಬೇಸಿನಲ್ಲೂ ಇದ್ದರೆ ಪಾಸ್‌ವರ್ಡ್ ಕೇಳದೆ ಒಳಗೆ ಬಿಡುತ್ತದೆ. ಹಾಗಾಗಿ ನಿಮ್ಮ ಡೇಟಾಬೇಸ್ ಬಳಕೆದಾರನಿಗೆ ಪಾಸ್‌ವರ್ಡನ್ನೇ ಇಟ್ಟಿಲ್ಲದಿದ್ದರೂ ಸರ್ವರ್‌ನೊಳಗೆ ಎಲ್ಲ ಸುಗಮವಾಗಿ ಕಾಣುತ್ತದೆ. ಈಗ ಸರ್ವರ್‌ನಲ್ಲೇ ಕುಳಿತು, ಹೋಸ್ಟ್ ಜಾಗದಲ್ಲಿ 127.0.0.1, ಅಂದರೆ ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸ, ಕೊಟ್ಟು ಮತ್ತೆ ಪ್ರಯತ್ನಿಸಿ. ಪಾಸ್‌ವರ್ಡ್ ಕೇಳಿ, ಕೊಟ್ಟ ಮೇಲೆ ಒಳಗೆ ಬಿಟ್ಟರೆ ಮಾತ್ರ ಮುಂದಿನ ಹೆಜ್ಜೆಗೆ ಹೋಗಬಹುದು. ಇಲ್ಲದಿದ್ದರೆ ಅಲ್ಲೇ ಪಾಸ್‌ವರ್ಡ್ ಇಟ್ಟು ಬನ್ನಿ.

ಇನ್ನು ಸಂದೇಶಗಳ ಮಾತು. ಬಹಳ ಹೊತ್ತು ಕಾದು ಕೊನೆಗೆ ‘ಟೈಮ್‌ಔಟ್’ ಎಂದು ಬಂದರೆ ನಿಮ್ಮ ಕರೆ ಪೋಸ್ಟ್‌ಗ್ರೆಸ್ ಮುಟ್ಟುವ ಮೊದಲೇ ಫೈರ್‌ವಾಲ್ (ಹೊರಗಿನ ಕರೆಗಳನ್ನು ತಡೆಯುವ ಕಾವಲು ವ್ಯವಸ್ಥೆ) ಅದನ್ನು ಸದ್ದಿಲ್ಲದೆ ನುಂಗಿರುವ ಸಾಧ್ಯತೆ ಹೆಚ್ಚು. ಬಾಡಿಗೆ ಸರ್ವರ್‌ಗಳಲ್ಲಿ ಲಿನಕ್ಸ್‌ನ ಫೈರ್‌ವಾಲ್ ಜೊತೆಗೆ ಸೇವೆ ಕೊಡುವವರ ನಿಯಂತ್ರಣ ಫಲಕದಲ್ಲೂ ಇನ್ನೊಂದು ಇರುವುದುಂಟು. ಎರಡನೆಯದನ್ನು ಮರೆಯುವವರೇ ಹೆಚ್ಚು.

‘ಕನೆಕ್ಷನ್ ರಿಫ್ಯೂಸ್ಡ್’ ಎಂದು ತಕ್ಷಣ ಬಂದರೆ ವಿಷಯ ಬೇರೆ. ಯಂತ್ರವನ್ನು ತಲುಪಿದ್ದೀರಿ, ಆದರೆ ಪೋಸ್ಟ್‌ಗ್ರೆಸ್‌ನ ರೂಢಿಯ 5432ನೇ ಪೋರ್ಟ್‌ನಲ್ಲಿ ನಿಮ್ಮ ಕರೆಯನ್ನು ಎತ್ತಿಕೊಳ್ಳುವವರು ಯಾರೂ ಇಲ್ಲ. ಪೋಸ್ಟ್‌ಗ್ರೆಸ್ ನಿಂತುಹೋಗಿರಬಹುದು. ಅದಕ್ಕಿಂತ ಸಾಮಾನ್ಯವಾದ ಕಾರಣ, ಪೋಸ್ಟ್‌ಗ್ರೆಸ್‌ನ ‘ಲಿಸನ್ ಅಡ್ರೆಸಸ್’ ಎಂಬ ಸೆಟ್ಟಿಂಗ್ ಮೊದಲಿನಿಂದಲೇ ‘ಲೋಕಲ್‌ಹೋಸ್ಟ್’ ಎಂದಿರುವುದು. ಅಂದರೆ ಅದು ತನ್ನ ಯಂತ್ರದೊಳಗಿನ ಕರೆಗಳಿಗೆ ಮಾತ್ರ ಕಿವಿಗೊಡುತ್ತದೆ. ಇದನ್ನು ಬದಲಿಸಿದರೆ ಸರ್ವಿಸ್ ಪೂರ್ತಿ ರೀಸ್ಟಾರ್ಟ್ ಆಗಬೇಕು, ರೀಲೋಡ್ ಸಾಲದು.

ಮೂರನೆಯದು, ಯಾರನ್ನು ಎಲ್ಲಿಂದ ಒಳಗೆ ಬಿಡಬೇಕು ಎಂದು ಬರೆದಿರುವ ಪಿಜಿ ಎಚ್‌ಬಿಎ ಫೈಲ್‌ನಲ್ಲಿ ನಿಮ್ಮ ವಿಳಾಸಕ್ಕೆ ನಮೂದು ಇಲ್ಲ ಎಂಬ ಸಂದೇಶ. ಅದನ್ನು ಕಂಡರೆ ಸಂತೋಷಪಡಿ, ಏಕೆಂದರೆ ಪೋಸ್ಟ್‌ಗ್ರೆಸ್ ಸ್ವತಃ ನಿಮ್ಮೊಡನೆ ಮಾತನಾಡಿದೆ. ಯಾವ ಐಪಿ ವಿಳಾಸದಿಂದ ಬಂದಿರಿ, ಯಾವ ಬಳಕೆದಾರ, ಯಾವ ಡೇಟಾಬೇಸ್, ಎನ್‌ಕ್ರಿಪ್ಶನ್ (ಗೂಢಲಿಪಿಯ ರಕ್ಷಣೆ) ಇತ್ತೇ ಇಲ್ಲವೇ ಎಂಬುದೆಲ್ಲ ಆ ಒಂದೇ ಸಾಲಿನಲ್ಲಿರುತ್ತದೆ. ಆ ಫೈಲನ್ನು ಪೋಸ್ಟ್‌ಗ್ರೆಸ್ ಮೇಲಿನಿಂದ ಕೆಳಗೆ ಓದುತ್ತದೆ, ಮೊದಲು ಹೊಂದಿದ ಸಾಲನ್ನೇ ಹಿಡಿಯುತ್ತದೆ. ಆ ಸಾಲಿನ ಪರೀಕ್ಷೆಯಲ್ಲಿ ಸೋತರೆ ಕೆಳಗಿನ ಸಾಲಿಗೆ ಇಳಿಯುವುದಿಲ್ಲ. ಸರಿಯಾದ ಸಾಲನ್ನು ಕೊನೆಯಲ್ಲಿ ಸೇರಿಸಿಯೂ ಕೆಲಸವಾಗಲಿಲ್ಲ ಎನ್ನುವವರ ತೊಂದರೆ ಹಲವು ಸಲ ಇದೇ ಆಗಿರುತ್ತದೆ.

ಕೊನೆಯದು ಪಾಸ್‌ವರ್ಡ್ ತಪ್ಪಿದೆ ಎಂಬುದು. ಬಳಕೆದಾರನೇ ಇಲ್ಲದಿದ್ದರೂ, ಅವನಿಗೆ ಪಾಸ್‌ವರ್ಡ್ ಇಟ್ಟಿಲ್ಲದಿದ್ದರೂ ಹೊರಗಿನವರಿಗೆ ಇದೇ ಸಂದೇಶ ಕಾಣುತ್ತದೆ. ಇದು ಉದ್ದೇಶಪೂರ್ವಕ, ಕಳ್ಳನಿಗೆ ಸುಳಿವು ಸಿಗದಿರಲಿ ಎಂದು. ನಿಜವಾದ ಕಾರಣ ಸರ್ವರ್‌ನ ಲಾಗ್ ಫೈಲ್‌ನಲ್ಲಿರುತ್ತದೆ.

ಇಷ್ಟು ಓದಿದ ಮೇಲೆ ನಿಮ್ಮ ಕೈ ಎತ್ತ ಹೋಗುತ್ತದೆ ಎಂಬುದು ನನಗೆ ಗೊತ್ತು: ಲಿಸನ್ ಅಡ್ರೆಸಸ್‌ಗೆ ನಕ್ಷತ್ರ ಚಿಹ್ನೆ, ಪಿಜಿ ಎಚ್‌ಬಿಎ ಫೈಲ್‌ನಲ್ಲಿ 0.0.0.0/0 (ಯಾವ ವಿಳಾಸವಾದರೂ ಸರಿ ಎಂದರ್ಥ), ಫೈರ್‌ವಾಲ್‌ನಲ್ಲಿ 5432 ಎಲ್ಲರಿಗೂ ಮುಕ್ತ. ಹಾಗೆ ಮಾಡಿದರೆ ಸಂಪರ್ಕ ಸಿಗುತ್ತದೆ. ದಯವಿಟ್ಟು ಮಾಡಬೇಡಿ. ತೆರೆದ ಪೋರ್ಟ್‌ಗಳನ್ನು ಹುಡುಕುತ್ತ ಅಂತರಜಾಲವನ್ನು ಹಗಲಿರುಳು ಜಾಲಾಡುವ ಯಂತ್ರಗಳಿವೆ. ನಿಮ್ಮ ಮನೆಯ ಐಪಿಗೆ ಮಾತ್ರ ಅನುಮತಿ ಕೊಡೋಣ ಎಂದರೆ, ಮನೆಯ ಇಂಟರ್ನೆಟ್‌ಗೆ ಸಿಗುವ ವಿಳಾಸ ಸಾಮಾನ್ಯವಾಗಿ ಸ್ಥಿರವಲ್ಲ. ಕರೆಂಟ್ ಹೋಗಿ ರೂಟರ್ ಮತ್ತೆ ಶುರುವಾದಾಗ ಬೇರೆಯೇ ವಿಳಾಸ ಬಂದಿರಬಹುದು. ಮೊಬೈಲ್ ಇಂಟರ್ನೆಟ್‌ನಲ್ಲಂತೂ ಒಂದೇ ವಿಳಾಸವನ್ನು ಅನೇಕ ಗ್ರಾಹಕರು ಹಂಚಿಕೊಂಡಿರುತ್ತಾರೆ, ನಿಮಗೆ ಕೊಟ್ಟ ಅನುಮತಿ ಅವರಿಗೂ ಸಲ್ಲುತ್ತದೆ.

ನಿಮ್ಮಂತೆ ಒಬ್ಬಿಬ್ಬರು ಮಾತ್ರ ಬಳಸುವ ಡೇಟಾಬೇಸ್‌ಗೆ ನಾನು ಹೇಳುವುದು ಎಸ್‌ಎಸ್‌ಎಚ್ ಟನೆಲ್, ಅಂದರೆ ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಲಾಗಿನ್ ವಿಧಾನದೊಳಗೆ ಕೊರೆದ ಸುರಂಗ. ಸರ್ವರ್‌ಗೆ ಲಾಗಿನ್ ಆಗಲು ಎಸ್‌ಎಸ್‌ಎಚ್ ಹೇಗೂ ಇದೆ. ಡೇಟಾಬೇಸ್‌ನ ಮಾತುಕತೆಯನ್ನು ಅದರೊಳಗೇ ಸಾಗಿಸಿದರೆ ಪೋಸ್ಟ್‌ಗ್ರೆಸ್‌ಗೆ ನಿಮ್ಮ ಕರೆ 127.0.0.1ರಿಂದಲೇ ಬಂದಂತೆ ಕಾಣುತ್ತದೆ. ಲಿಸನ್ ಅಡ್ರೆಸಸ್ ಮುಟ್ಟಬೇಕಿಲ್ಲ, 5432 ತೆರೆಯಬೇಕಿಲ್ಲ. ಪಿಜಿಅಡ್ಮಿನ್‌ನಲ್ಲಿ ಇದಕ್ಕೆಂದೇ ಎಸ್‌ಎಸ್‌ಎಚ್ ಟನೆಲ್ ಎಂಬ ಟ್ಯಾಬ್ ಇದೆ. ಅಲ್ಲಿ ಸರ್ವರ್‌ನ ವಿಳಾಸ, ಎಸ್‌ಎಸ್‌ಎಚ್‌ನ ಪೋರ್ಟ್ 22, ಲಿನಕ್ಸ್ ಬಳಕೆದಾರನ ಹೆಸರು ಮತ್ತು ನಿಮ್ಮ ಕೀ ಫೈಲ್ ಕೊಡಿ. ಎಲ್ಲರೂ ಎಡವುವ ಜಾಗ ಕನೆಕ್ಷನ್ ಟ್ಯಾಬ್‌ನ ಹೋಸ್ಟ್ ಖಾನೆ: ಅಲ್ಲಿ ಮುಂಬೈಯ ವಿಳಾಸ ಬರೆಯಬಾರದು, 127.0.0.1 ಬರೆಯಬೇಕು. ಏಕೆಂದರೆ ಆ ಖಾನೆಯನ್ನು ಓದುವುದು ಟನೆಲ್‌ನ ಆಚೆ ತುದಿಯಿಂದ.

ಕಮಾಂಡ್ ಮೂಲಕ ನೀವೇ ಟನೆಲ್ ಹಾಕುವುದಾದರೆ ಲ್ಯಾಪ್‌ಟಾಪ್ ಕಡೆಗೆ 5432 ಬಿಟ್ಟು ಬೇರೆ ಪೋರ್ಟ್ ಆರಿಸಿ, 6543 ಇರಲಿ. ಈ ಪಾಠ ನನಗೆ ಕಷ್ಟಪಟ್ಟು ಸಿಕ್ಕಿತು. ನನ್ನ ಲ್ಯಾಪ್‌ಟಾಪಿನಲ್ಲೂ ಪೋಸ್ಟ್‌ಗ್ರೆಸ್ ಇತ್ತು, ಅದರಲ್ಲಿ ಅದೇ ಕೋಷ್ಟಕಗಳ ಹಳೆಯ ಪ್ರತಿ ಇತ್ತು. ನಾನು ಟನೆಲ್‌ಗೂ 5432 ಕೊಟ್ಟೆ. ಆ ಪೋರ್ಟ್ ಈಗಾಗಲೇ ಬಳಕೆಯಲ್ಲಿದೆ ಎಂದು ಎಸ್‌ಎಸ್‌ಎಚ್ ಒಂದು ಸಾಲಿನಲ್ಲಿ ಹೇಳಿತು, ಹೇಳಿ ನನ್ನನ್ನು ಸರ್ವರ್‌ಗೆ ಲಾಗಿನ್ ಮಾಡಿಸಿಯೂ ಬಿಟ್ಟಿತು. ಲಾಗಿನ್ ಆಯಿತಲ್ಲ ಎಂದು ನಾನು ಆ ಸಾಲನ್ನು ಗಮನಿಸಲಿಲ್ಲ. ಅರ್ಧ ಗಂಟೆ ಕುಳಿತು ದಾಖಲೆಗಳನ್ನು ತಿದ್ದಿದೆ. ತಿದ್ದಿದ್ದು ನನ್ನದೇ ಲ್ಯಾಪ್‌ಟಾಪಿನ ಹಳೆಯ ಪ್ರತಿಯನ್ನು. ಅಂದಿನಿಂದ ಪಿಎಸ್‌ಕ್ಯೂಎಲ್ ತೆರೆದೊಡನೆ ಹಿಂದೋರೆ ಗೀಟಿನೊಂದಿಗೆ ‘ಕಾನ್‌ಇನ್ಫೊ’ (\conninfo) ಎಂದು ಟೈಪ್ ಮಾಡುವುದು ರೂಢಿಯಾಗಿದೆ. ಯಾವ ಡೇಟಾಬೇಸ್, ಯಾವ ಬಳಕೆದಾರ, ಯಾವ ಪೋರ್ಟ್ ಎಂದು ಅದು ತಿಳಿಸುತ್ತದೆ. 6543 ಕಂಡರೆ ನಾನು ಟನೆಲ್‌ನ ಆಚೆಯ ಸರ್ವರ್‌ನಲ್ಲಿದ್ದೇನೆ ಎಂದರ್ಥ.

ಕಚೇರಿಯ ಹತ್ತಾರು ಜನ ಬಳಸುವ ಡೇಟಾಬೇಸ್ ಆಗಿ, ಟನೆಲ್ ಇಲ್ಲದೆ ನೇರ ಸಂಪರ್ಕವೇ ಬೇಕೆಂದಾದರೆ ಕ್ಲೈಂಟ್‌ನ (ಪಿಜಿಅಡ್ಮಿನ್, ಪಿಎಸ್‌ಕ್ಯೂಎಲ್‌ನಂತೆ ಸಂಪರ್ಕ ಕೇಳುವ ತಂತ್ರಾಂಶದ) ‘ಎಸ್‌ಎಸ್‌ಎಲ್ ಮೋಡ್’ ಮೇಲೆ ಕಣ್ಣಿಡಿ. ನೀವೇನೂ ಹೇಳದಿದ್ದರೆ ಅದು ‘ಪ್ರಿಫರ್’ ಎಂದಿರುತ್ತದೆ: ಎನ್‌ಕ್ರಿಪ್ಶನ್ ಸಿಕ್ಕರೆ ಸರಿ, ಸಿಗದಿದ್ದರೆ ತೆರೆದ ಅಕ್ಷರಗಳಲ್ಲೇ ಮಾತು. ಭದ್ರತೆಯ ದೃಷ್ಟಿಯಿಂದ ಇದಕ್ಕೆ ಅರ್ಥವಿಲ್ಲ, ಹಳೆಯ ವ್ಯವಸ್ಥೆಗಳಿಗಾಗಿ ಉಳಿಸಿಕೊಂಡಿದ್ದೇವೆ ಎಂದು ಪೋಸ್ಟ್‌ಗ್ರೆಸ್‌ನ ಕೈಪಿಡಿಯೇ ಹೇಳುತ್ತದೆ. ‘ರಿಕ್ವೈರ್’ ಎಂದಿಟ್ಟರೆ ಎನ್‌ಕ್ರಿಪ್ಶನ್ ಖಚಿತ, ಆದರೆ ಆಚೆ ತುದಿಯಲ್ಲಿರುವುದು ನಿಮ್ಮ ಸರ್ವರ್ ಹೌದೇ ಎಂದು ಅದು ಸಾಮಾನ್ಯವಾಗಿ ವಿಚಾರಿಸುವುದಿಲ್ಲ. ಸರ್ವರ್‌ನ ಗುರುತುಪತ್ರವಾದ ಸರ್ಟಿಫಿಕೇಟನ್ನೂ ಅದರಲ್ಲಿರುವ ಹೆಸರನ್ನೂ ತಾಳೆ ನೋಡುವುದು ‘ವೆರಿಫೈ ಫುಲ್’ ಮಾತ್ರ. ಅದಕ್ಕೆ ರೂಟ್ ಸರ್ಟಿಫಿಕೇಟ್ ಫೈಲ್ ಎಲ್ಲಿದೆ ಎಂದೂ ಕ್ಲೈಂಟ್‌ಗೆ ತಿಳಿಸಬೇಕು. ಐದು ನಿಮಿಷದ ಕೆಲಸ ಹೆಚ್ಚಾಗುತ್ತದೆ, ಮಾಡಿ.

ಪಾಸ್‌ವರ್ಡ್‌ನಲ್ಲಿ @ ಚಿಹ್ನೆ ಇದ್ದು, ಸಂಪರ್ಕದ ವಿವರವನ್ನೆಲ್ಲ ವೆಬ್ ವಿಳಾಸದಂತೆ ಒಂದೇ ಸಾಲಿನಲ್ಲಿ ಬರೆಯುತ್ತಿದ್ದರೆ ಅದನ್ನು %40 ಎಂದು ಬರೆಯಿರಿ. ಇಲ್ಲದಿದ್ದರೆ ಪಾಸ್‌ವರ್ಡ್‌ನ ಬಾಲವನ್ನು ಕ್ಲೈಂಟ್ ಹೋಸ್ಟ್ ಹೆಸರೆಂದು ತಿಳಿಯಬಹುದು. ಬಹಳ ಹಳೆಯ ಕ್ಲೈಂಟ್ ಬಳಸುತ್ತಿದ್ದರೆ ‘ಸ್ಕ್ರಾಮ್’ ಗೊತ್ತಿಲ್ಲ ಎಂದು ಅದು ದೂರಬಹುದು. ಈ ಪಾಸ್‌ವರ್ಡ್ ಪದ್ಧತಿ ಪೋಸ್ಟ್‌ಗ್ರೆಸ್‌ನ 2017ರ 10ನೇ ಆವೃತ್ತಿಯಲ್ಲಿ ಬಂತು, 2021ರ 14ನೇ ಆವೃತ್ತಿಯಿಂದ ಅದೇ ರೂಢಿ. ಸರ್ವರ್‌ನ ಭದ್ರತೆ ಇಳಿಸಬೇಡಿ, ಕ್ಲೈಂಟನ್ನು ಹೊಸದು ಮಾಡಿಕೊಳ್ಳಿ.

ಕನ್ನಡದಲ್ಲಿ ದಾಖಲೆ ಇಡುವವರಿಗೆ ಇನ್ನೊಂದು ತೊಡಕು ಕಾದಿರುತ್ತದೆ. ವಿಂಡೋಸ್‌ನ ಕಪ್ಪು ಪರದೆಯಲ್ಲಿ ಪಿಎಸ್‌ಕ್ಯೂಎಲ್ ಓಡಿಸಿ ಹೆಸರುಗಳ ಪಟ್ಟಿ ಕೇಳಿದಾಗ, 0ಎಕ್ಸ್‌ಇ0 0ಎಕ್ಸ್‌ಬಿ2 ಎಂದು ಶುರುವಾಗುವ ಬೈಟ್‌ಗಳಿಗೆ ವಿಂಡೋಸ್‌ನ ಹಳೆಯ ಅಕ್ಷರ ಸಂಕೇತವಾದ ವಿನ್1252ರಲ್ಲಿ ಸಮಾನ ಅಕ್ಷರವಿಲ್ಲ ಎಂಬ ದೋಷ ಬರಬಹುದು. ಆ ಬೈಟ್‌ಗಳು ಕನ್ನಡದ ಅಕ್ಷರಗಳೇ. ಸ್ವರಗಳೂ ಬಹುಪಾಲು ವ್ಯಂಜನಗಳೂ ಎಲ್ಲ ಭಾಷೆಗಳ ಅಕ್ಷರಗಳಿಗೂ ಜಾಗವಿರುವ ಯುಟಿಎಫ್-8 ಸಂಕೇತದಲ್ಲಿ ಹಾಗೆಯೇ ಶುರುವಾಗುತ್ತವೆ. ನಿಮ್ಮ ದತ್ತಾಂಶ ಕೆಟ್ಟಿಲ್ಲ, ಗಾಬರಿಯಾಗಿ ಡೇಟಾಬೇಸನ್ನು ಅಳಿಸಿ ಹೊಸದಾಗಿ ಕಟ್ಟಬೇಡಿ. ವಿಂಡೋಸ್‌ನ ಆ ಹಳೆಯ ಅಕ್ಷರ ಸಂಕೇತವನ್ನೇ ಕ್ಲೈಂಟ್ ತನ್ನದೆಂದುಕೊಂಡಿದೆ, ಅಷ್ಟೇ. ಕ್ಲೈಂಟ್ ಎನ್‌ಕೋಡಿಂಗನ್ನು ಯುಟಿಎಫ್-8 ಎಂದು ಬದಲಿಸಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ, ದೋಷ ಹೋಗುತ್ತದೆ. ಆಮೇಲೂ ಕಪ್ಪು ಪರದೆಯಲ್ಲಿ ಅಕ್ಷರಗಳು ಒಡೆದು ಕಂಡರೆ ಅದೇ ಪಟ್ಟಿಯನ್ನು ಪಿಜಿಅಡ್ಮಿನ್‌ನಲ್ಲಿ ತೆರೆಯಿರಿ, ಒತ್ತಕ್ಷರಗಳ ಸಮೇತ ಹೆಸರುಗಳು ಸರಿಯಾಗಿ ಕಾಣುತ್ತವೆ.