ಕೊಕೊನಿನೊ ಮರಳುಗಲ್ಲಿನ ಹೆಜ್ಜೆಗಳು: ಒಣ ಮರಳುದಿಬ್ಬವೋ, ನೀರಿನ ತಳವೋ?

ಅಮೆರಿಕದ ಅರಿಜೋನಾ ರಾಜ್ಯದಲ್ಲಿರುವ ಗ್ರ್ಯಾಂಡ್ ಕ್ಯಾನಿಯನ್ ಕಮರಿಯ ಮೇಲ್ಭಾಗದಲ್ಲಿ ತಿಳಿಬಣ್ಣದ ಕಡಿದಾದ ಗೋಡೆಯಂತೆ ನಿಂತಿರುವ ಶಿಲಾಪದರವನ್ನು ಕೊಕೊನಿನೊ ಮರಳುಗಲ್ಲು ಎನ್ನುತ್ತಾರೆ. ಸುಮಾರು 27ರಿಂದ 28 ಕೋಟಿ ವರ್ಷಗಳ ಹಿಂದೆ, ಪರ್ಮಿಯನ್ ಕಾಲದಲ್ಲಿ ರೂಪುಗೊಂಡ ಈ ಪದರದಲ್ಲಿ ಎಲುಬುಗಳು ಸಿಕ್ಕಿಲ್ಲವೆಂದೇ ಹೇಳಬೇಕು. ಹೆಜ್ಜೆಗುರುತುಗಳು ಮಾತ್ರ ಹೇರಳವಾಗಿವೆ. ಸ್ಮಿತ್ಸೋನಿಯನ್ ಸಂಸ್ಥೆಯ ಚಾರ್ಲ್ಸ್ ಗಿಲ್ಮೋರ್ 1920ರ ದಶಕದಲ್ಲಿ ಇವನ್ನು ವಿವರವಾಗಿ ವರ್ಣಿಸಿದರು. ಈ ಗುರುತುಗಳನ್ನು ಓದುವ ಬಗೆಯ ಕುರಿತು ನಡೆದ ವಾದವು ಭೂವಿಜ್ಞಾನದ ವಿದ್ಯಾರ್ಥಿಗಳೆಲ್ಲರೂ ಗಮನಿಸಬೇಕಾದದ್ದು.

ಈ ಮರಳುಗಲ್ಲಿನ ಓರೆ ಪದರಗಳು ಗಾಳಿಯಿಂದ ಕಟ್ಟಿದ ದಿಬ್ಬಗಳ ಇಳಿಜಾರುಗಳೆಂಬುದು ಬಹುಪಾಲು ಭೂವಿಜ್ಞಾನಿಗಳ ನಿಲುವು. ಆದರೆ ಹೆಜ್ಜೆಸಾಲುಗಳಲ್ಲಿ ಹೆಚ್ಚಿನವು ಇಳಿಜಾರಿನಲ್ಲಿ ಮೇಲ್ಮುಖವಾಗಿಯೇ ಸಾಗುತ್ತವೆ. ಏರಿದ ಪ್ರಾಣಿಗಳು ಇಳಿಯಲೇ ಇಲ್ಲವೇ? ಭೂವಿಜ್ಞಾನಿ ಎಡ್ವಿನ್ ಮೆಕ್ಕೀ 1940ರ ದಶಕದಲ್ಲಿ ಮರಳಿನ ಇಳಿಜಾರುಗಳ ಮೇಲೆ ಹಲ್ಲಿಯ ಜಾತಿಯ ಪ್ರಾಣಿಗಳನ್ನು ನಡೆಸಿ ನೋಡಿದಾಗ, ಏರುವಾಗ ಮೂಡಿದ ಗುರುತುಗಳು ಸ್ಪಷ್ಟವಾಗಿ ಉಳಿದವು. ಇಳಿಯುವಾಗ ಒಣಮರಳು ಜಾರಿ ಗುರುತನ್ನು ಅಳಿಸಿಬಿಟ್ಟಿತು. ಅಂದರೆ ನಮ್ಮ ಮುಂದಿರುವುದು ಪ್ರಾಣಿಗಳ ನಡವಳಿಕೆಯ ಪೂರ್ಣ ದಾಖಲೆಯಲ್ಲ, ಅದರಲ್ಲಿ ಮರಳು ಉಳಿಸಿಕೊಂಡ ಭಾಗ ಮಾತ್ರ.

ಜೀವವಿಜ್ಞಾನಿ ಲೆನಾರ್ಡ್ ಬ್ರ್ಯಾಂಡ್ 1979ರಲ್ಲಿ, ಮುಂದೆ 1991ರಲ್ಲಿ ಟ್ಯಾಂಗ್ ಅವರೊಂದಿಗೆ, ಈ ಹೆಜ್ಜೆಗಳು ನೀರಿನಡಿಯಲ್ಲಿ ಮೂಡಿರಬೇಕೆಂದು ವಾದಿಸಿದರು. ಅವರು ಎತ್ತಿ ತೋರಿಸಿದ ಅಂಶ ಕಡೆಗಣಿಸುವಂಥದ್ದಲ್ಲ: ಕೆಲವು ಸಾಲುಗಳಲ್ಲಿ ಬೆರಳುಗಳು ಇಳಿಜಾರಿನ ಮೇಲಕ್ಕೆ ಮುಖಮಾಡಿದ್ದರೂ ಪ್ರಾಣಿ ಸಾಗಿದ ದಿಕ್ಕು ಅಡ್ಡಕ್ಕಿದೆ, ಪ್ರವಾಹವೊಂದು ಅದನ್ನು ಪಕ್ಕಕ್ಕೆ ತಳ್ಳಿದಂತೆ. ಆದರೆ ಸಡಿಲ ಮರಳಿನ ಇಳಿಜಾರನ್ನು ಅಡ್ಡವಾಗಿ ದಾಟುವ ಪ್ರಾಣಿಯೂ ಜಾರದಿರಲು ಪಾದವನ್ನು ಮೇಲಕ್ಕೆ ತಿರುಗಿಸಿ ಊರಬಲ್ಲದು. 1992ರಲ್ಲಿ ಸಂಶೋಧಕರಾದ ಲಾಕ್ಲಿ ಮತ್ತು ಲೂಪ್ ಬ್ರ್ಯಾಂಡ್ ಅವರ ನೀರಿನಡಿಯ ವಾದಕ್ಕೆ ಆಕ್ಷೇಪವೆತ್ತಿದರು.

ನನ್ನ ದೃಷ್ಟಿಯಲ್ಲಿ ಹೆಜ್ಜೆಯೊಂದನ್ನೇ ಹಿಡಿದು ಈ ವಾದವನ್ನು ತೀರ್ಮಾನಿಸಲಾಗದು. ಅದೇ ಪದರದಲ್ಲಿ ಮಳೆಹನಿಯ ಕುಳಿಗಳಂತೆ ಕಾಣುವ ಗುರುತುಗಳಿವೆ, ಚೇಳು ಮತ್ತು ಜೇಡದ ಬಗೆಯ ಜೀವಿಗಳ ಸಾಲುಗಳಿವೆ, ಎತ್ತರಕ್ಕೆ ಹೋಲಿಸಿದರೆ ಅಗಲ ಬಹಳ ಹೆಚ್ಚಿರುವ, ಗಾಳಿಯ ಕೆಲಸವನ್ನು ಸೂಚಿಸುವ ಮರಳಲೆಗಳಿವೆ. ಬೆರಳಿನ ದಿಕ್ಕಿಗೆ ನೀರಿನ ವಿವರಣೆ ಒಪ್ಪಬಹುದಾದರೂ, ಮಳೆಹನಿಯ ಕುಳಿ ನೀರಿನ ತಳದಲ್ಲಿ ಮೂಡಲಾರದು.

ಕೆಲವರು ಈ ಹೆಜ್ಜೆಗಳನ್ನು ಜಗತ್ತನ್ನೇ ಮುಳುಗಿಸಿದ ಪ್ರಳಯಕ್ಕೆ ಸಾಕ್ಷಿಯೆಂದು ಮುಂದಿಟ್ಟಿದ್ದಾರೆ. ಒಂದು ವೇಳೆ ಅವು ನೀರಿನಡಿಯವೇ ಆಗಿದ್ದರೂ ಅಷ್ಟು ದೊಡ್ಡ ನಿರ್ಣಯಕ್ಕೆ ಬರಲಾಗದು, ಏಕೆಂದರೆ ಅದಕ್ಕೆ ಒಂದು ಸರೋವರವೋ ಕಡಲಂಚಿನ ಆಳವಿಲ್ಲದ ನೀರೋ ಸಾಕಾಗುತ್ತದೆ. ಈ ಮರಳುಗಲ್ಲಿನ ಕೆಳಗಿರುವ ಹರ್ಮಿಟ್ ಪದರದಲ್ಲಿ ನೆಲದ ಸಸ್ಯಗಳ ಪಳೆಯುಳಿಕೆಗಳಿವೆ. ಮೇಲಿನ ಟೊರೊವೀಪ್ ಪದರವನ್ನು ದಾಟಿದರೆ ಸಿಗುವ ಕೈಬಾಬ್ ಸುಣ್ಣಕಲ್ಲಿನಲ್ಲಿ ಕಡಲಜೀವಿಗಳ ಚಿಪ್ಪುಗಳಿವೆ. ಸಸ್ಯ ಬೆಳೆದ ನೆಲ ಮರಳುಗಾಡಾಗಿ, ಆ ಮರಳುಗಾಡನ್ನು ಮುಂದೆ ಕಡಲು ಆವರಿಸಿದ ಈ ಕ್ರಮದಲ್ಲಿ ಕೊಕೊನಿನೊ ಹೆಜ್ಜೆಗಳು ನಡುವಿನ ಒಣ ಹಂತಕ್ಕೆ ಸೇರುತ್ತವೆ.